ಸುಣ್ಣ ಹಾಕಿ ಹೂತ ಎಲೆ

೧೯೮೬ನೇ ಇಸವಿ ಸೆಪ್ಟೆಂಬರ್ ೨೯, ಸೋಮವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಹಿನಾಸವಾ ಹಳ್ಳಿಯ ಹೊರಠಾಣೆಯ ಬಾಗಿಲು ಬಡಿದ ಸದ್ದಾಯಿತು. ಠಾಣೆ, ಮನೆ ಎರಡೂ ಒಂದೇ ಸೂರಿನ ಕೆಳಗಿದ್ದುದರಿಂದ ಕಾನ್‌ಸ್ಟೆಬಲ್ ಓನುಕಿ ಕೈಯಲ್ಲಿದ್ದ ಮಿಸೊ ಸಾರಿನ ಬಟ್ಟಲನ್ನು ಹೆಂಡತಿಗೆ ಕೊಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದ.

ಬಾಗಿಲಲ್ಲಿ ಉಸುಯಿ ಕೆಂಕಿಚಿ ನಿಂತಿದ್ದ. ನಲವತ್ತೆರಡು ವಯಸ್ಸಿನ ರೈತ. ಹಳ್ಳಿಯ ಬೀಜದ ಹೊಲದ ಪರವಾನಗಿ ಅವನ ಹೆಸರಿನಲ್ಲಿತ್ತು. ರಬ್ಬರ್ ಬೂಟು ಮಂಡಿಯವರೆಗೆ ಇಬ್ಬನಿಯಲ್ಲಿ ನೆನೆದಿತ್ತು.

“ಒಂಬತ್ತು ಗಿಡ ಇಲ್ಲ,” ಎಂದ.

ಓನುಕಿ ತಕ್ಷಣ ದೂರಿನ ಪುಸ್ತಕ ತೆಗೆದ. ಬೇರೆ ಊರಲ್ಲಾಗಿದ್ದರೆ ಒಂಬತ್ತು ಗಿಡಕ್ಕೆ ಯಾರೂ ಪುಸ್ತಕ ತೆಗೆಯುತ್ತಿರಲಿಲ್ಲ. ಆದರೆ ಹಿನಾಸವಾದಲ್ಲಿ ಬೆಳೆಯುವುದು ಭಂಗಿ. ಇಪ್ಪತ್ತಮೂರು ಮನೆಯವರು ನಾರಿಗಾಗಿ ಬೆಳೆಯುತ್ತಾರೆ. ದೇವಸ್ಥಾನದ ಗಂಟೆಯ ಹಗ್ಗ, ಬಿಲ್ಲಿನ ಹೆದೆ, ಕುಸ್ತಿಯ ಜಟ್ಟಿಗಳ ಸೊಂಟದ ಹುರಿ, ಎಲ್ಲವೂ ಆ ನಾರಿನವು. ಆದರೆ ಕಾನೂನಿನ ಕಣ್ಣಿಗೆ ಅದು ಗಾಂಜಾದ ಗಿಡವೇ. ಅದಕ್ಕಾಗಿ ಪ್ರಾಂತದ ಸರ್ಕಾರವು ವರ್ಷವರ್ಷವೂ ಹೊಲ ಅಳೆದು, ಷರತ್ತು ಹಾಕಿ, ಪರವಾನಗಿ ಕೊಡುತ್ತದೆ. ಮೂರು ವರ್ಷದ ಹಿಂದೆ ಅಮಲಿಲ್ಲದ ಹೊಸ ತಳಿ ತಂದುಕೊಟ್ಟು, ಅದರ ಬೀಜವನ್ನು ಗುಡ್ಡದ ಮೇಲಿನ ಒಂದೇ ಹೊಲದಲ್ಲಿ ಬೆಳೆಯಬೇಕು ಎಂದು ಗೊತ್ತುಮಾಡಿದೆ. ಸುತ್ತ ಎಂಟು ಅಡಿ ತಗಡಿನ ಬೇಲಿ, ಒಂದು ಬಾಗಿಲು, ಒಂದು ಬೀಗ. ಒಳಗಿನ ಪ್ರತಿ ಗಿಡಕ್ಕೂ ಲೆಕ್ಕ. ಒಂದು ಗಿಡ ಕಡಿಮೆಯಾದರೂ ಅದೇ ದಿನ ದೂರು ಕೊಡಬೇಕು, ಕೊಡದಿದ್ದರೆ ಪರವಾನಗಿ ರದ್ದು. ಆ ಹೊಲ ಉಸುಯಿಯದು. ಗುರುವಾರ ಅಧಿಕಾರಿಗಳ ಎದುರಿನಲ್ಲಿ ಬೀಜದ ಕೊಯ್ಲು ಆಗಬೇಕಿತ್ತು.

ಏಳು ಗಂಟೆ ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಎಂಟೂವರೆಗೆ ಪಟ್ಟಣದ ಠಾಣೆಯಿಂದ ಇನ್‌ಸ್ಪೆಕ್ಟರ್ ಕಾಕಿನುಮಾ ಬಂದರು. ಐವತ್ತಮೂರು ವಯಸ್ಸು, ಬಡಕಲು ಮೈ. ಹೊಟ್ಟೆಹುಣ್ಣಿನಿಂದಾಗಿ ಬಿಸಿನೀರು ಬಿಟ್ಟು ಬೇರೇನೂ ಕುಡಿಯುತ್ತಿರಲಿಲ್ಲ. ಪ್ರಶ್ನೆ ಕೇಳಿ ಸುಮ್ಮನೆ ಕಾಯುವುದು ಅವರ ಅಭ್ಯಾಸ. ಆ ಕಾಯುವಿಕೆಗೆ ಹೆದರಿ ಎಷ್ಟೋ ಜನ ಕೇಳದ ಪ್ರಶ್ನೆಗೂ ಉತ್ತರ ಹೇಳಿಬಿಟ್ಟಿದ್ದರು.

ಇಬ್ಬರು ಪಂಚರನ್ನು ಕರೆಸಿ ಸ್ಥಳದ ಪಂಚನಾಮೆ ನಡೆಸಿದರು. ಬೀಗ ಒಡೆದಿರಲಿಲ್ಲ. ತಗಡಿನ ಮೊಳೆ ಒಂದೂ ಸಡಿಲಾಗಿರಲಿಲ್ಲ. ಆಳಿಗಿಂತ ಎತ್ತರದ ಗಿಡಗಳ ನಡುವೆ ನಡೆದು ಉತ್ತರದ ಮೂಲೆಗೆ ಹೋದಾಗ ಒಂದು ಕಡೆ ಆಕಾಶ ಕಾಣುತ್ತಿತ್ತು. ಗಿಡಗಳನ್ನು ಕುಡುಗೋಲಿನಿಂದ ಕೊಯ್ದಿರಲಿಲ್ಲ, ಬೇರುಸಹಿತ ಕಿತ್ತಿದ್ದರು. ಗುಂಡಿಗಳನ್ನು ಮುಚ್ಚಿ ಕಾಲಿನಿಂದ ತುಳಿದು ಗಟ್ಟಿಮಾಡಿದ್ದರು. ಓನುಕಿ ಮತ್ತು ಪಂಚರು ಎರಡು ಸಲ ಎಣಿಸಿದರು. ಆಗಸ್ಟ್ ಕೊನೆಯ ರಿಜಿಸ್ಟರಿನಲ್ಲಿ ಆರುನೂರ ನಲವತ್ತು ಹೆಣ್ಣು ಗಿಡ. ಈಗ ಆರುನೂರ ಮೂವತ್ತೊಂದು.

ಹಿಂದಿನ ದಿನ ಭಾನುವಾರ ಶಾಲೆಯ ಕ್ರೀಡಾಕೂಟ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಊರಿಗೆ ಊರೇ ಮೈದಾನದಲ್ಲಿತ್ತು. ಅಂದು ಬೆಳಿಗ್ಗೆ ಏಳಕ್ಕೆ ಉಸುಯಿ ಹೊಲ ನೋಡಿ ದಿನಚರಿ ಪುಸ್ತಕದಲ್ಲಿ ‘ಸರಿ ಇದೆ’ ಎಂದು ಮೊಹರು ಒತ್ತಿದ್ದ.

“ಬೀಗದ ಕೈ ಎಷ್ಟು?” ಕಾಕಿನುಮಾ ಕೇಳಿದರು.

“ಎರಡು. ಒಂದು ಪ್ರಾಂತದ ಕಚೇರೀಲಿ. ಇನ್ನೊಂದು ನನ್ನ ಹತ್ರ.”

“ಹತ್ರ ಅಂದ್ರೆ?”

“ಸೊಂಟದಲ್ಲಿ. ಷರತ್ತಿನಲ್ಲಿ ಹಾಗೇ ಇರೋದು.”

“ನಿನ್ನೆ ಹಗ್ಗ ಜಗ್ಗೋವಾಗ್ಲೂ ಸೊಂಟದಲ್ಲೇ ಇತ್ತಾ?”

ಉಸುಯಿ ಬೇಲಿಯ ಕಡೆ ನೋಡಿದ. “ಇತ್ತು,” ಎಂದ.

ಕಾಕಿನುಮಾ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಆಮೇಲೆ ಹೊಲಕ್ಕೆ ಬಂದುಹೋದವರ ಪುಸ್ತಕ ತರಿಸಿದರು. ಅಧಿಕಾರಿಗಳನ್ನು ಬಿಟ್ಟರೆ ಆ ವರ್ಷ ಅದರಲ್ಲಿ ಮೂವರ ಹೆಸರು ಮಾತ್ರ ಇತ್ತು. ಉಸುಯಿ, ಅವನ ಹೆಂಡತಿ, ಮತ್ತು ಬಿತ್ತನೆಗೂ ಕಳೆ ಕೀಳುವುದಕ್ಕೂ ಕೂಲಿಗೆ ಬರುತ್ತಿದ್ದ ಎಪ್ಪತ್ತು ವಯಸ್ಸಿನ ಕೊಮಾಬಾ ಮಿತ್ಸು. ಮಿತ್ಸು ಅಜ್ಜಿ ಗುಡ್ಡದ ಕೆಳಗೆ ಬಸ್ಸಿನ ರಸ್ತೆಯ ಪಕ್ಕದಲ್ಲಿ ಒಬ್ಬಳೇ ಇದ್ದಳು. ಓನುಕಿ ಹೋಗಿ ಕೇಳಿದ. ಎಷ್ಟು ದಿನ ಕೆಲಸ ಮಾಡಿದೆ ಎಂದರೆ, ಪುಸ್ತಕದಲ್ಲಿ ಇದೆಯಲ್ಲಪ್ಪ, ನಾನೇ ಮೊಹರು ಒತ್ತಿದೀನಿ ಎಂದಳು. ಕಳೆದ ಬಾರಿ ಒಳಗೆ ಹೋದದ್ದು ಯಾವಾಗ ಎಂದರೆ, ಆಗಸ್ಟ್ ಎರಡನೇ ವಾರ ಎಂದಳು. ಪುಸ್ತಕದಲ್ಲೂ ಹಾಗೇ ಇತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಪರವಾನಗಿ ಕಚೇರಿಯ ಅಧಿಕಾರಿ ನಸುನೊ ಬಂದರು. ಬಿಳಿಯ ಕಾರು, ಬಿಳಿಯ ಕೈಚೀಲ. ಗುರುವಾರದ ಕೊಯ್ಲು ನಿಲ್ಲಿಸಲಾಗಿದೆ ಎಂದು ಮೊದಲು ಹೇಳಿ, ಆಮೇಲೆ ನಮಸ್ಕಾರ ಮಾಡಿದರು. ಹಳ್ಳಿಯವರಿಗೆ ಅಷ್ಟರಿಂದಲೇ ಅರ್ಥವಾಯಿತು. ಬೀಜ ಸಿಗದಿದ್ದರೆ ಮಾರ್ಚಿನಲ್ಲಿ ಬಿತ್ತನೆ ಇಲ್ಲ. ಒಂದು ವರ್ಷ ಬಿತ್ತದ ಹೊಲಕ್ಕೆ ಮರುವರ್ಷ ಪರವಾನಗಿ ಇಲ್ಲ. ಇಪ್ಪತ್ತಮೂರು ಮನೆಗಳ ಕಸುಬು ಆ ತಗಡಿನ ಬೇಲಿಯೊಳಗೆ ಸಿಕ್ಕಿಕೊಂಡಿತ್ತು.

ಮಂಗಳವಾರ ಬೆಳಗಾಗುವಷ್ಟರಲ್ಲಿ ಐದು ಜನ ಬೇರೆಬೇರೆಯಾಗಿ ಬಂದು ಓನುಕಿಯ ಕಿವಿಯಲ್ಲಿ ಒಂದೇ ಹೆಸರು ಹೇಳಿದ್ದರು. ಹಗಿವಾರಾ. ಟೋಕಿಯೊದಿಂದ ಬಂದು ಮುಚ್ಚಿದ ಹಳೆಯ ಶಾಲೆಯಲ್ಲಿ ಮಡಕೆ ಮಾಡುವವನು. ಕೂದಲು ಬಿಟ್ಟಿದ್ದ, ಮೂವತ್ತೈದಾದರೂ ಮದುವೆಯಾಗಿರಲಿಲ್ಲ, ಹಗಲು ನಿದ್ದೆ ಮಾಡುತ್ತಿದ್ದ. ಇಷ್ಟೂ ಅಪರಾಧಗಳನ್ನು ಜನ ಎರಡು ವರ್ಷದಿಂದ ಕೂಡಿಸಿ ಇಟ್ಟಿದ್ದರು.

ಕಾಕಿನುಮಾ, ನಸುನೊ, ಓನುಕಿ ಮೂವರೂ ಹೋದರು. ಮಡಕೆ ಸುಡುವ ಗೂಡಿನ ಹಿಂದೆ ಭಂಗಿಯ ಬೋಳು ಕಡ್ಡಿಗಳ ಎರಡು ಹೊರೆ ಇದ್ದವು. ನಸುನೊ ಮುಂದೆ ನುಗ್ಗಿ ಹೊರೆ ಬಿಚ್ಚಿದರು. ಕಾನೂನಿನ ಪ್ರಕಾರ ಕಡ್ಡಿಗೂ ಬೀಜಕ್ಕೂ ತಡೆ ಇಲ್ಲ, ಎಲೆಗೂ ಹೂವಿಗೂ ಮಾತ್ರ. ಹೊರೆಯಲ್ಲಿ ಒಂದು ಎಲೆಯೂ ಇರಲಿಲ್ಲ.

“ಕಡ್ಡಿ ಸೇದೋಕೆ ಬರಲ್ಲ ಸಾಹೇಬ್ರೆ,” ಹಗಿವಾರಾ ಹೇಳಿದ. “ಒಲೆ ಹೊತ್ತಿಸೋಕೆ ಬರುತ್ತೆ.”

“ಭಾನುವಾರ ಎಲ್ಲಿದ್ದೆ?”

“ಅಂಚೆ ಮಾಸ್ತರ ಕಾಲಿಗೆ ನನ್ನ ಕಾಲು ಕಟ್ಟಿದ್ರು. ಮೂರು ಕಾಲಿನ ಓಟ. ಬಿದ್ವಿ. ಅವರ ಹಲ್ಲು ಹೋಯ್ತು. ಆಮೇಲೆ ಸಂಜೆವರೆಗೂ ಅವರಿಗೆ ಐಸು ಹಿಡ್ಕೊಂಡು ಕೂತಿದ್ದೆ. ಇಡೀ ಊರು ನೋಡಿದೆ.”

ಓನುಕಿ ಹೌದೆಂದು ತಲೆಯಾಡಿಸಿದ. ಅವನೂ ನೋಡಿದ್ದ.

“ಹೋದ ವರ್ಷ ಕೋಳಿ ಕಳೆದಾಗ್ಲೂ ಮೊದಲು ನನ್ನ ಬಾಗಿಲಿಗೇ ಬಂದ್ರಿ,” ಎಂದ ಹಗಿವಾರಾ.

“ಆ ಕೋಳಿ ಸಿಕ್ತು,” ಎಂದ ಓನುಕಿ.

“ಸಿಕ್ಕಿದ ಸುದ್ದಿ ಹೇಳೋಕೆ ಯಾರೂ ಬರ್ಲಿಲ್ಲ.”

ಹನ್ನೊಂದು ವರ್ಷದಿಂದ ಆ ಊರಿನಲ್ಲಿದ್ದವನು ಓನುಕಿ.

ಮಧ್ಯಾಹ್ನ ಅವನೊಬ್ಬನೇ ಮತ್ತೆ ಬೀಜದ ಹೊಲಕ್ಕೆ ಹೋದ. ಯಾರೂ ಹೇಳಿರಲಿಲ್ಲ. ಒಂಬತ್ತು ಗಿಡ ಅಂದರೆ ಒಂದು ಗಾಡಿ ಹೊರೆ. ಎಲೆ, ಹೂವು, ಕಡ್ಡಿ ಎಲ್ಲ ಹೊತ್ತು ಹಾಡಹಗಲಲ್ಲಿ ಗುಡ್ಡ ಇಳಿದವನು ದಾರಿಯಲ್ಲಿ ಒಂದು ಎಲೆಯನ್ನೂ ಉದುರಿಸಿಲ್ಲ ಎಂಬುದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಬಿದಿರಿನ ಕೋಲು ಹಿಡಿದು ಬೇಲಿಯ ಒಳಸುತ್ತಿನಲ್ಲಿ ಅಡಿಗೊಂದು ಸಲ ಚುಚ್ಚುತ್ತ ನಡೆದ. ಉತ್ತರದ ಬೇಲಿಯ ಬುಡದಲ್ಲಿ, ಎಂಟನೆಯ ಕಂಬದ ಹತ್ತಿರ, ಕೋಲು ಸಲೀಸಾಗಿ ಇಳಿಯಿತು.

ಮೂರು ಗಂಟೆಗೆ ಪಂಚರ ಎದುರು ಅಗೆದರು. ಒಂದೂವರೆ ಅಡಿ ಆಳದ ಗುಂಡಿ. ತಳದಲ್ಲಿ ಎಲೆ, ಅದರ ಮೇಲೆ ಸುಣ್ಣದ ಪುಡಿ, ಮತ್ತೆ ಎಲೆ, ತೆನೆಯ ಹೊಟ್ಟು, ಮತ್ತೆ ಸುಣ್ಣ, ಅದರ ಮೇಲೆ ಗಟ್ಟಿಯಾಗಿ ಮಣ್ಣು. ಬೀಜ ಒಂದೂ ಇರಲಿಲ್ಲ. ಕಡ್ಡಿಯೂ ಇರಲಿಲ್ಲ.

“ಉಪ್ಪಿನಕಾಯಿ ಹಾಕೋರೂ ಇಷ್ಟು ನೀಟಾಗಿ ಪದರ ಹಾಕಲ್ಲ ಸಾರ್,” ಎಂದ ಓನುಕಿ.

ಕಾಕಿನುಮಾ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಸೇದುವವನು ಕದಿಯುವುದು ಇದನ್ನೇ. ಇದನ್ನೇ ಬಿಟ್ಟು ಹೋಗಿದ್ದಾನೆ. ಬಿಟ್ಟದ್ದಷ್ಟೇ ಅಲ್ಲ, ಹೊಲದಿಂದ ಹೊರಗೆ ಹೋಗದಂತೆ ಜೋಪಾನ ಮಾಡಿದ್ದಾನೆ. ತೆಗೆದುಕೊಂಡು ಹೋದದ್ದು ಬೀಜ ಮತ್ತು ಬೋಳು ಕಡ್ಡಿ. ಎರಡಕ್ಕೂ ಕಾನೂನಿನ ತಡೆ ಇಲ್ಲ.

“ನಿಯಮ ಪಾಲಿಸೋ ಕಳ್ಳ,” ಎಂದರು.

ಎಲೆಯ ಮಾದರಿಗಳಿಗೆ ಮೊಹರು ಹಾಕಿ ಪ್ರಾಂತದ ಪ್ರಯೋಗಾಲಯಕ್ಕೆ ಕಳಿಸಿದರು. ಬುಧವಾರ ಅಕ್ಟೋಬರ್ ೧ರಂದು ಹನ್ನೊಂದು ಗಂಟೆಗೆ ಠಾಣೆಗೆ ಫೋನು ಬಂತು. ಎಲೆಯಲ್ಲಿ ಅಮಲು ಇತ್ತು.

ನಸುನೊ ಅವರ ಮುಖ ತಮ್ಮ ಚೀಲದಷ್ಟೇ ಬಿಳಿಚಿತು. ಅಮಲು ಇರುವುದು ಹಳೆಯ ತಳಿಯಲ್ಲಿ ಮಾತ್ರ. ಕಾಂಡದ ಬುಡ ಕೆಂಪಗಿರುವುದರಿಂದ ಊರಿನವರು ಅದನ್ನು ಕೆಂಪುಕಡ್ಡಿ, ಹೊಸ ತಳಿಯನ್ನು ಬಿಳಿ ಎನ್ನುತ್ತಿದ್ದರು. ೧೯೮೩ರ ವಸಂತದಲ್ಲಿ ಪ್ರತಿ ಮನೆಯ ಕೆಂಪುಕಡ್ಡಿಯ ಬೀಜವನ್ನೂ ಊರ ಭವನದ ಅಂಗಳಕ್ಕೆ ತರಿಸಿ, ತೂಗಿ, ಸಹಿ ಹಾಕಿಸಿ ಸುಟ್ಟಿದ್ದರು. ಸುಟ್ಟದ್ದು ನಸುನೊ ಅವರೇ. ಈಗ ಅದೇ ಕೆಂಪುಕಡ್ಡಿ ಬೀಜದ ಹೊಲದಲ್ಲೇ ಬೆಳೆದಿತ್ತು. ಆಗಸ್ಟಿನ ಎಣಿಕೆಯ ರಿಜಿಸ್ಟರಿನಲ್ಲಿ ಆ ಒಂಬತ್ತು ಗಿಡಗಳನ್ನೂ ಸೇರಿಸಿ ಸಹಿ ಹಾಕಿದ್ದವರೂ ಅವರೇ. ಕಾಕಿನುಮಾ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ರಿಜಿಸ್ಟರನ್ನು ಆ ಪುಟಕ್ಕೆ ತೆರೆದು ಮೇಜಿನ ಮೇಲೆ ಇಟ್ಟರು, ಅಷ್ಟೆ.

ಅಂದು ಎರಡು ಗಂಟೆಗೆ ಊರ ಭವನದಲ್ಲಿ ಸಭೆ. ಇಪ್ಪತ್ತಮೂರು ಪರವಾನಗಿದಾರರೂ ಮಂಡಿಯೂರಿ ಕುಳಿತಿದ್ದರು. ಎಂದೂ ಇಲ್ಲದ ಹಾಗೆ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಮೊಳ ಜಾಗ ಇತ್ತು. ಎರಡು ದಿನದಲ್ಲಿ ಊರು ಬೇರೆಯೇ ಆಗಿತ್ತು. ಬಾಗಿಲಿಗೆ ಚಿಲಕ ಹಾಕದ ಮನೆಗಳವರು ಹಗಲೂ ಚಿಲಕ ಹಾಕಿದ್ದರು. ಯಾರ ಅಟ್ಟದಲ್ಲಿ ಏನಿದೆ, ಯಾರ ಮಗನ ಗೆಳೆಯರು ಯಾವ ಊರಿನವರು ಎಂಬ ಚೀಟಿಗಳು ಹೆಸರಿಲ್ಲದೆ ಠಾಣೆಯ ಅಂಚೆಪೆಟ್ಟಿಗೆಗೆ ಬೀಳುತ್ತಿದ್ದವು.

ನಸುನೊ ನಿಂತು ಹೇಳಿದರು. ಕೆಂಪುಕಡ್ಡಿಯ ಹೆಣ್ಣು ಗಿಡ ಇತ್ತು ಅಂದಮೇಲೆ ಗಂಡು ಗಿಡವೂ ಇದ್ದಿರಬೇಕು. ಗಂಡು ಹೂ ಬಿಟ್ಟಿದ್ದರೆ ಅದರ ಪರಾಗ ಹೊಲದ ತುಂಬ ಹರಡಿರುತ್ತದೆ. ಆರುನೂರ ಮೂವತ್ತೊಂದು ಗಿಡದ ಬೀಜವನ್ನೂ ನಂಬುವ ಹಾಗಿಲ್ಲ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲವನ್ನೂ ಸುಡಲಾಗುವುದು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುದುಕ ಯಾರ ಮುಖವನ್ನೂ ನೋಡದೆ, ಬೀಗ ಒಡೆಯದೆ ಒಳಗೆ ಹೋಗುವ ಕಳ್ಳ ಯಾರಿರಬಹುದು ಅಂತ ಮಕ್ಕಳೂ ಹೇಳುತ್ತವೆ ಎಂದ. ಇಪ್ಪತ್ತೆರಡು ತಲೆ ಉಸುಯಿಯ ಕಡೆ ತಿರುಗಿದವು. ಉಸುಯಿ ಚಾಪೆ ನೋಡುತ್ತ ಕುಳಿತಿದ್ದ. ಅವನ ಹೆಂಡತಿ ಅಡುಗೆ ಕೋಣೆಯಿಂದ ಎದ್ದು ಹಿಂಬಾಗಿಲಿನಿಂದ ಹೊರಟುಹೋದಳು.

ಚಹಾ ಕೊಡುತ್ತಿದ್ದ ಹೆಂಗಸರಲ್ಲಿ ಮಿತ್ಸು ಅಜ್ಜಿಯೂ ಇದ್ದಳು. ನಸುನೊ ಅವರ ಮುಂದೆ ಬಟ್ಟಲು ಇಟ್ಟು ಮೆಲ್ಲಗೆ ಕೇಳಿದಳು, “ಗಂಡು ಗಿಡಾನ ಹೂ ಬಿಡೋಕೆ ಮುಂಚೆ ಕಿತ್ತಿದ್ರೆ?”

“ಕಿತ್ತಿದ್ರೆ ಬೀಜ ಸರಿ ಇರುತ್ತೆ ಅಜ್ಜಿ. ಕಿತ್ತಿದ್ರು ಅನ್ನೋಕೆ ಸಾಕ್ಷಿ ಯಾರು? ಕಳ್ಳನ ಮಾತು ಕೇಳ್ಕೊಂಡು ಪರವಾನಗಿ ಕೊಡೋಕಾಗುತ್ತಾ?”

ಅಜ್ಜಿ ತಲೆಬಾಗಿ ಮುಂದಿನವರಿಗೆ ಚಹಾ ಇಟ್ಟಳು. ಪಕ್ಕದಲ್ಲಿ ಬಿಸಿನೀರಿನ ಬಟ್ಟಲು ಹಿಡಿದು ಕುಳಿತಿದ್ದ ಕಾಕಿನುಮಾ ಅವಳ ಬೆನ್ನನ್ನು ನೋಡಿದರು. ಏನೂ ಬರೆದುಕೊಳ್ಳಲಿಲ್ಲ.

ಗುರುವಾರ ಬೆಳಿಗ್ಗೆ ಅವರು ನಸುನೊ ಅವರಿಂದ ಪರವಾನಗಿಯ ಷರತ್ತುಗಳ ಹಾಳೆ ಕೇಳಿ ಪಡೆದರು. ಅವರು ಹುಡುಕುತ್ತಿದ್ದದ್ದು ಸುಣ್ಣ. ಏಳನೆಯ ಷರತ್ತು ಎಲೆಯ ವಿಷಯ. ಎಲೆ ಮತ್ತು ಹೊಟ್ಟನ್ನು ಹೊಲದಲ್ಲೇ ರಾಶಿ ಹಾಕಿ, ಅಧಿಕಾರಿಯ ಎದುರು ಸುಟ್ಟು, ಬೂದಿಗೆ ರಸೀದಿ ಪಡೆಯತಕ್ಕದ್ದು.

“ಸುಣ್ಣದ ಮಾತೇ ಇಲ್ಲ,” ಎಂದರು.

“ಅದು ಹಳೇ ಷರತ್ತು,” ಎಂದರು ನಸುನೊ. “ಮೊದಲು ಒಂದೂವರೆ ಅಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕಿತ್ತು. ಎಂಬತ್ತೈದರ ಪರವಾನಗಿಯಿಂದ ಬದಲಾಯ್ತು. ಈಗ ಸುಡೋದೇ.”

“ಹಳೇ ಷರತ್ತು ಗೊತ್ತಿದ್ದು, ಹೊಸದು ಗೊತ್ತಿಲ್ಲದವರು ಯಾರಾದ್ರೂ ಇದಾರಾ?”

ನಸುನೊ ಕಡತ ಬಿಚ್ಚಿ ಬೆರಳಿಟ್ಟು ನೋಡಿದರು. ಎಂಬತ್ತನಾಲ್ಕರವರೆಗೆ ಇಪ್ಪತ್ತನಾಲ್ಕು ಪರವಾನಗಿ. ಎಂಬತ್ತೈದರಿಂದ ಇಪ್ಪತ್ತಮೂರು. ಹದಿನಾಲ್ಕನೆಯ ನಂಬರಿನ ಹೊಲ ಪಟ್ಟಿಯಿಂದ ಹೋಗಿತ್ತು. ನಿಕ್ಕೊಗೆ ಹೋಗುವ ಪ್ರವಾಸಿ ಬಸ್ಸುಗಳ ರಸ್ತೆ ಅಗಲವಾದಾಗ ಆ ಹೊಲ ಬಸ್ಸಿನ ಕಿಟಕಿಗೆ ಕಾಣುವಂತಾಯಿತು. ರಸ್ತೆಗೆ ಕಾಣುವ ಹೊಲಕ್ಕೆ ಪರವಾನಗಿ ಇಲ್ಲ. ಹೆಸರು ಓದಿದ್ದು ಓನುಕಿ.

ಕೊಮಾಬಾ ಮಿತ್ಸು.

ಇದು ಸಾಕ್ಷಿಯಲ್ಲ, ದಾರಿ ಮಾತ್ರ ಎಂದು ಕಾಕಿನುಮಾ ಹೇಳಿದರು. ಸುಡಲು ಹೋದರೆ ಹೊಗೆ ಕಾಣುತ್ತದೆ ಅಂತ ಇಪ್ಪತ್ತಮೂರರಲ್ಲಿ ಯಾರಾದರೂ ಹೂತಿರಬಹುದು. ಆದರೆ ಅವರು ಸುಮ್ಮನೆ ಹೂಳುತ್ತಿದ್ದರು. ಅಳೆದು, ಪದರ ಹಾಕಿ, ಸುಣ್ಣ ಹರಡುವುದು ಹೆದರಿದವರ ಕೆಲಸವಲ್ಲ, ರೂಢಿಯ ಕೆಲಸ. ಹನ್ನೆರಡು ಗಂಟೆಗೆ ಉಸುಯಿಯನ್ನು ಮತ್ತೆ ಕರೆಸಿದರು. ಎದುರಿಗೆ ಕೂರಿಸಿ ಒಂದು ಮಾತೂ ಆಡದೆ ಬಿಸಿನೀರು ಕುಡಿದರು. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಉಸುಯಿಯ ಹಣೆಯಲ್ಲಿ ಬೆವರು ಬಂತು.

“ಬೀಗದ ಕೈ ಸೊಂಟದಲ್ಲಿ ಇರ್ಲಿಲ್ಲ,” ಎಂದ.

“ಎಲ್ಲಿತ್ತು?”

“ಬಚ್ಚಲಮನೆ ಮೊಳೆಗೆ. ಯಾವಾಗ್ಲೂ ಅಲ್ಲೇ. ಸ್ನಾನಕ್ಕೆ ಬಿಚ್ಚಿದ್ದು ಅಲ್ಲೇ ಉಳಿಯುತ್ತೆ. ಹೇಳಿದ್ರೆ ಪರವಾನಗಿ ಹೋಗುತ್ತೆ ಅಂತ ಸುಳ್ಳು ಹೇಳ್ದೆ.”

“ನಿಮ್ಮ ಬಚ್ಚಲಿಗೆ ಯಾರ್ಯಾರು ಬರ್ತಾರೆ?”

“ನಾನು, ಹೆಂಡತಿ, ಮಕ್ಳು.” ಉಸುಯಿ ಸ್ವಲ್ಪ ತಡೆದ. “ದಿನ ಬಿಟ್ಟು ದಿನ ಮಿತ್ಸು ಅಜ್ಜಿ. ಅವಳ ಮನೆ ಹಂಡೆ ತೂತಾಗಿದೆ. ನಮ್ಮಪ್ಪನ ಕಾಲದಿಂದ್ಲೂ ನಮ್ಮ ಮನೆ ನೀರಿಗೆ ಬರ್ತಾಳೆ. ಅವಳೇನು ಮಾಡ್ತಾಳೆ ಸಾಹೇಬ್ರೆ? ನನ್ನ ಎತ್ತಾಡಿಸಿದೋಳು ಅವಳು.”

ಕ್ರೀಡಾಕೂಟದ ವಿಷಯ ಕೇಳಿದರು. ಬೆಳಿಗ್ಗೆ ಹಿರಿಯರು ಬುಟ್ಟಿಗೆ ಚೆಂಡು ಎಸೆಯುವ ಆಟದಲ್ಲಿ ಅಜ್ಜಿ ಇದ್ದಳು. ಬಹುಮಾನಕ್ಕೆ ಟವೆಲ್ಲೂ ಬಂದಿತ್ತು. ಮಧ್ಯಾಹ್ನದ ಊಟವಾದ ಮೇಲೆ ಅವಳನ್ನು ಕಂಡವರಿರಲಿಲ್ಲ. ಊಟದ ನಂತರದ ಓಟದಲ್ಲಿ ಅಂಚೆ ಮಾಸ್ತರರ ಹಲ್ಲು ಮುರಿದದ್ದನ್ನು ಊರೆಲ್ಲ ನೋಡಿತ್ತು, ಅವಳು ಮಾತ್ರ ನೋಡಿರಲಿಲ್ಲ. ಹಲ್ಲು ಹೋಗಿ ಮೂರು ದಿನವಾದ ಮೇಲೂ, ಮಾಸ್ತರರು ಯಾಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಾರೆ ಎಂದು ಭವನದಲ್ಲಿ ಕೇಳಿದ್ದಳಂತೆ.

ಮೂರೂವರೆಗೆ ಅವಳ ಮನೆಗೆ ಹೋದರು. ಕಾಕಿನುಮಾ, ಓನುಕಿ, ಹಿಂದೆ ನಸುನೊ. ಹಳೆಯ ಭಂಗಿಯ ಹೊಲದಲ್ಲಿ ಈಗ ಕೊನ್ಯಾಕು ಗೆಡ್ಡೆ. ಅಜ್ಜಿ ಅಂಗಳದಲ್ಲಿ ಕುಳಿತು ಗೆಡ್ಡೆಯ ಮಣ್ಣು ಕೊಡವುತ್ತಿದ್ದಳು. ರಸ್ತೆಯಲ್ಲಿ ಒಂದು ಪ್ರವಾಸಿ ಬಸ್ಸು ಹೋಯಿತು. ಕಿಟಕಿಯಿಂದ ಯಾರೋ ಕೈಬೀಸಿದರು. ಅಜ್ಜಿಯೂ ಕೈಬೀಸಿದಳು.

“ಭಾನುವಾರ ಊಟ ಆದಮೇಲೆ ಎಲ್ಲಿದ್ರಿ?” ಕಾಕಿನುಮಾ ಕೇಳಿದರು.

“ಮನೇಲಿ.”

“ಶನಿವಾರ ಉಸುಯಿ ಮನೇಲಿ ಸ್ನಾನ?”

“ಹೂಂ. ಸೋಮವಾರಾನೂ.”

“ಶನಿವಾರ ಬೀಗದ ಕೈ ತಗೊಂಡು ಸೋಮವಾರ ಮೊಳೆಗೆ ಹಾಕಿದ್ರಾ?”

ಅಜ್ಜಿ ಉತ್ತರ ಕೊಡದೆ ಇನ್ನೊಂದು ಗೆಡ್ಡೆ ಎತ್ತಿಕೊಂಡಳು. ಭಾನುವಾರ, ಸೋಮವಾರ ಬೆಳಿಗ್ಗೆ ಉಸುಯಿ ಬೀಗ ತೆಗೆದಿದ್ದನಲ್ಲ ಎಂದು ಓನುಕಿ ಮೆಲ್ಲಗೆ ನೆನಪಿಸಿದ. ಹಾಗಾದರೆ ಭಾನುವಾರ ಮಧ್ಯಾಹ್ನವೇ ತೆಗೆದು ಅಂದೇ ಇಟ್ಟಿರಬೇಕು, ಮನೆ ಖಾಲಿ ಇತ್ತು ಎಂದರು ಕಾಕಿನುಮಾ. ಅದಕ್ಕೂ ಅವಳು ಮಾತಾಡಲಿಲ್ಲ. ಹೀಗೆ ಕಾಲುಗಂಟೆ ಕಳೆಯಿತು. ಕಾಯುವುದರಲ್ಲಿ ತಮ್ಮನ್ನು ಮೀರಿಸಿದವರನ್ನು ಕಾಕಿನುಮಾ ಅಂದೇ ಕಂಡದ್ದು. ಕೊನೆಗೆ ಅವರೇ ಬಾಯಿಬಿಟ್ಟರು.

“ನಾಳೆ ಒಂಬತ್ತಕ್ಕೆ ಹೊಲಕ್ಕೆ ಬೆಂಕಿ ಇಡ್ತಾರೆ ಅಜ್ಜಿ. ಮಾರ್ಚಿಗೆ ಇಪ್ಪತ್ತಮೂರು ಮನೇಲಿ ಬಿತ್ತನೆ ಇಲ್ಲ. ಉಸುಯಿನ ನಾನು ಕರ್ಕೊಂಡು ಹೋಗ್ಬೇಕಾಗುತ್ತೆ. ಬೀಗದ ಕೈ ಅವನದು, ಸುಳ್ಳೂ ಅವನದು.”

ಅಜ್ಜಿ ಗೆಡ್ಡೆ ಕೆಳಗಿಟ್ಟಳು. ತೊಟ್ಟಿಯ ನೀರಿನಲ್ಲಿ ಕೈ ತೊಳೆದುಕೊಂಡು ಒಳಗೆ ಹೋಗಿ ಎರಡು ವಸ್ತು ತಂದಳು. ಒಂದು ಒಣಗಿದ ಸೋರೆಬುರುಡೆ, ಬಾಯಿಗೆ ಬಟ್ಟೆ ಕಟ್ಟಿತ್ತು. ಇನ್ನೊಂದು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ. ಬುರುಡೆ ಇಟ್ಟು, ಪೊಟ್ಟಣ ಮಾತ್ರ ಕೈಯಲ್ಲೇ ಇಟ್ಟುಕೊಂಡಳು.

“ಹದಿನೆಂಟು ಹುಟ್ಟಿದ್ವು,” ಎಂದಳು. “ಒಂಬತ್ತು ಗಂಡು. ಆಗಸ್ಟ್ ನಾಲ್ಕನೇ ತಾರೀಕು ಕಳೆ ಕೀಳೋವಾಗ ಒಂಬತ್ತೂ ಕಿತ್ತೆ. ಮೊಗ್ಗು ಗಟ್ಟಿ ಇತ್ತು. ಒಂದೂ ಬಿರಿದಿರ್ಲಿಲ್ಲ. ಯಾರಾದ್ರೂ ಒಂದಿನ ಕೇಳ್ತಾರೆ ಅಂತ ಕುಡಿಗಳನ್ನ ಎತ್ತಿಟ್ಟೆ.”

ಕಾಕಿನುಮಾ ಕೈ ಚಾಚಲಿಲ್ಲ. “ಅಜ್ಜಿ, ಕೇಳಿ. ಬೆಳೆದದ್ದು ಒಂದು ಕಲಂ. ಅದರಲ್ಲಿರೋದು ಗಾಂಜಾ ಮೊಗ್ಗು. ಅದನ್ನ ನನ್ನ ಕೈಗೆ ಕೊಟ್ರೆ ಮನೇಲಿ ಇಟ್ಕೊಂಡಿದ್ದಕ್ಕೆ ಇನ್ನೊಂದು ಕಲಂ ಸೇರುತ್ತೆ.”

“ಇದು ಇಲ್ದೆ ಅವರು ನಂಬ್ತಾರಾ?” ಅಜ್ಜಿ ಕೇಳಿದ್ದು ನಸುನೊ ಅವರನ್ನು ತೋರಿಸಿ.

ನಸುನೊ ಇಲ್ಲವೆಂದು ತಲೆಯಾಡಿಸಿದರು.

“ಹಂಗಾದ್ರೆ ಸೇರಿಸ್ಕೊಳ್ಳಿ,” ಎಂದು ಪೊಟ್ಟಣ ಕೊಟ್ಟಳು.

ಜಗಲಿಯ ಮೇಲೆ ಬಿಳಿಯ ಹಾಳೆ ಹಾಸಿ ಪೊಟ್ಟಣ ಬಿಚ್ಚಿದರು. ಒಂಬತ್ತು ಕುಡಿ. ಪ್ರತಿಯೊಂದಕ್ಕೂ ದಾರ ಕಟ್ಟಿ, ಶಾಲೆಗೆ ಎರಡೇ ವರ್ಷ ಹೋದವಳ ದಪ್ಪ ಅಕ್ಷರದಲ್ಲಿ ತಾರೀಕು ಬರೆದಿತ್ತು. ನಸುನೊ ಮಸೂರ ಹಿಡಿದು ಒಂದೊಂದೇ ಮೊಗ್ಗನ್ನು ನೋಡಿದರು. ನೋಡಲು ನಲವತ್ತು ನಿಮಿಷ ಹಿಡಿಯಿತು. ಪ್ರಯೋಗಾಲಯವೂ ನೋಡಬೇಕು, ಆದರೆ ಬಿರಿದದ್ದು ಒಂದೂ ಕಾಣುವುದಿಲ್ಲ, ನಾಳೆಯ ಬೆಂಕಿ ನಿಲ್ಲಿಸುತ್ತೇನೆ ಎಂದರು. ಅವರ ದನಿ ಸಣ್ಣದಾಗಿತ್ತು.

ಗಂಡು ಗಿಡ ಕಿತ್ತಮೇಲೆ ಅವಳ ಹೆಣ್ಣು ಗಿಡಗಳಿಗೆ ಪರಾಗ ಎಲ್ಲಿಂದ ಬಂತು ಎಂದು ಓನುಕಿ ಕೇಳಿದ.

“ಊರಿನ ಬಿಳೀದರಿಂದ್ಲೇ. ಬುರುಡೇಲಿರೋ ಬೀಜ ಅರ್ಧ ಕೆಂಪು, ಅರ್ಧ ಬಿಳಿ. ಪೂರ್ತಿ ಉಳಿಸ್ಬೇಕು ಅಂದ್ರೆ ಊರಿನ ಬೀಜ ಕೆಡುತ್ತಿತ್ತು. ಅದಕ್ಕೆ ಅರ್ಧ ಸಾಕು ಅಂದ್ಕೊಂಡೆ.”

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ದಸ್ತಗಿರಿ. ಹೇಳಿಕೆಯನ್ನು ಓನುಕಿ ಬರೆದುಕೊಂಡ. ಎಂಬತ್ತಮೂರರಲ್ಲಿ ಎಲ್ಲರ ಜತೆ ತಾನೂ ಬೀಜ ತಂದು ಬೆಂಕಿಗೆ ಹಾಕಿದೆ, ಒಂದು ಹಿಡಿ ಮಾತ್ರ ತೋಳಿನ ಮಡಿಕೆಯಲ್ಲಿ ಉಳಿಸಿಕೊಂಡೆ ಎಂದಳು. ಅತ್ತೆ ಅವಳ ಕೈಗೆ ಕೊಟ್ಟದ್ದು, ಅತ್ತೆಗೆ ಅವಳ ಅತ್ತೆ ಕೊಟ್ಟದ್ದು. ಬಿಳಿ ಒಳ್ಳೆಯ ಗಿಡವೇ, ಅದರ ಮೇಲೆ ಸಿಟ್ಟಿಲ್ಲ ಎಂದಳು. ಆದರೆ ಭಂಗಿಯ ಬೀಜ ಮೂರು ಚಳಿಗಾಲ ಮಣ್ಣು ಕಾಣದಿದ್ದರೆ ಸಾಯುತ್ತದೆ. ಎರಡು ಸಲ ಬಸ್ಸು ಹತ್ತಿ ಪ್ರಾಂತದ ಕಚೇರಿಗೆ ಹೋಗಿದ್ದಳು. ನೀವೇ ಇಟ್ಟುಕೊಳ್ಳಿ, ಎಲ್ಲಾದರೂ ಬೇಲಿ ಹಾಕಿ ನಾಲ್ಕು ಗಿಡ ಬೆಳೆಸಿ ಎಂದು ಕೇಳಿದ್ದಳು. ಕಿಟಕಿಯ ಹಿಂದಿದ್ದ ಗುಮಾಸ್ತ ಒಳ್ಳೆಯವನು, ಚಹಾ ಕೊಟ್ಟು ಅರ್ಜಿ ತೋರಿಸಿದ. ಭಂಗಿ ಬೆಳೆಯಲು ಮೂರು ಕಾರಣಗಳಿಗೆ ಮಾತ್ರ ಅನುಮತಿ. ನಾರು, ಹಂಚಿಕೆಯ ಬೀಜ, ವಿದ್ವಾಂಸರ ಸಂಶೋಧನೆ. ಇದರಲ್ಲಿ ನಿಮ್ಮದು ಯಾವುದು ಅಜ್ಜಿ ಎಂದು ಕೇಳಿದ. ಬೀಜ ಸಾಯಬಾರದು ಅಂತ ಎಂದಳು. ಅದಕ್ಕೆ ಖಾನೆ ಇಲ್ಲ ಎಂದ. ಅದಕ್ಕೇ ಈ ವರ್ಷ ಉಸುಯಿಯ ಹೊಲದಲ್ಲಿ, ತನ್ನ ಪಾಲಿನ ಸಾಲಿನಲ್ಲಿ ಬಿತ್ತಿದಳು. ನೂರು ಕಾಳು ಹಾಕಿದರೆ ಹುಟ್ಟಿದ್ದು ಹದಿನೆಂಟು. ಕೆಂಪು ಕಾಣದ ಹಾಗೆ ಬುಡಕ್ಕೆ ಮಣ್ಣು ಏರಿಸಿದಳು. ಉಸುಯಿಗೆ ಏನೂ ಗೊತ್ತಿಲ್ಲ. ಅಷ್ಟು ಹೇಳಿ ಹೆಬ್ಬೆಟ್ಟಿನಷ್ಟು ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದಳು.

ಓನುಕಿ ಜಪ್ತಿಯ ವಸ್ತುಗಳಿಗೆ ಚೀಟಿ ಅಂಟಿಸುತ್ತಿದ್ದ. ಬುರುಡೆಯ ಬಾಯಿಗೆ ಅರಗು ಹಾಕುವಾಗ ಅಜ್ಜಿ ಕಾಕಿನುಮಾ ಅವರ ಕಡೆ ತಿರುಗಿದಳು.

“ತೀರ್ಪು ಯಾವಾಗ ಬರುತ್ತೆ ಸಾಹೇಬ್ರೆ?”

“ನಿಮ್ಮ ವಯಸ್ಸು ನೋಡಿ ಶಿಕ್ಷೆ ಕಡಿಮೆ ಮಾಡ್ತಾರೆ. ಹೆದರ್ಬೇಡಿ.”

“ನನ್ನದಲ್ಲ. ಮೂರು ವರ್ಷದ ಒಳಗೆ ಬರುತ್ತಾ ಅಂತ.”

ಕಾಕಿನುಮಾ ನಸುನೊ ಅವರನ್ನು ನೋಡಿದರು. ನಸುನೊ ಚೀಲದ ಕೊಂಡಿ ಹಾಕಿ, ಮತ್ತೆ ತೆಗೆದರು. ತೀರ್ಪಿನ ನಂತರ ಬೀಜ ನಾಶಮಾಡುವುದು ನಿಯಮ ಎಂಬುದು ಮೂವರಿಗೂ ಗೊತ್ತಿತ್ತು. ಅಷ್ಟರೊಳಗೆ ಯಾರಾದರೂ ಅರ್ಜಿಯ ಮೂರನೆಯ ಖಾನೆ, ಸಂಶೋಧನೆಯದು, ತುಂಬಿದರೆ ಬೇರೆ ಮಾತು. ಅದನ್ನು ತುಂಬಿಸಬಲ್ಲವರು ಆ ಜಗಲಿಯಲ್ಲಿ ನಸುನೊ ಒಬ್ಬರೇ.

“ಒಲೆ ಹತ್ರ ಇಡಬೇಡಿ,” ಎಂದಳು ಅಜ್ಜಿ. “ಮಣ್ಣಿನ ನೆಲದ ಮೇಲೂ ಬೇಡ.”

ಜಪ್ತಿ ಪಟ್ಟಿಯಲ್ಲಿ ವಸ್ತುವಿನ ಹೆಸರು, ತೂಕ, ಸಿಕ್ಕಿದ ಜಾಗ ಬರೆಯಲು ಮಾತ್ರ ಸ್ಥಳವಿತ್ತು. ಕಾಕಿನುಮಾ ಓನುಕಿಯ ಕೈಯಿಂದ ಪೆನ್ನು ತೆಗೆದುಕೊಂಡು, ಒಂದನೆಯ ನಂಬರಿನ ಬುರುಡೆಯ ಎದುರು, ಅಂಚಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಡತಕ್ಕದ್ದು ಎಂದು ಬರೆದು ಮೊಹರು ಒತ್ತಿದರು.